ಎಡಗೈ ಕತ್ತಿ

ನಮ್ಮ ಮನೆಯಲ್ಲಿ ಎಡಗೈಯವರಿಗೆ ಮರ್ಯಾದೆ ಇತ್ತು. ಕೇರಿಯ ಉಳಿದ ಮನೆಗಳಲ್ಲಿ ಎಡಗೈಯಲ್ಲಿ ಅನ್ನ ಕಲಸಿದ ಮಕ್ಕಳಿಗೆ ಸೌಟಿನ ಏಟು ಬೀಳುತ್ತಿತ್ತು. ನಮ್ಮ ಅಡುಗೆಮನೆಯ ಹಿಂದಿನ ಮಾಡಿನಲ್ಲಿ ಮಾತ್ರ ಬಲಗೈಯವಳಾದ ನಾನೇ ಹೊರಗಿನವಳು. ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ, ಗದ್ದೆ ಬಯಲಿನ ಅಂಚಿನಲ್ಲಿ ನಮ್ಮ ಮನೆ. ಹಿಂಬಾಗಿಲು ದಾಟಿದರೆ ಶೀಟು ಹೊದಿಸಿದ ಆ ಮಾಡು. ನೆಲಕ್ಕೆ ಕಲ್ಲು ಚಪ್ಪಡಿ, ತೊಳೆದ ನೀರು ಹರಿದುಹೋಗಲು ಸಣ್ಣ ಕಾಲುವೆ, ನಡುವೆ ಮಂಡಿಯೆತ್ತರದ ಹುಣಸೆ ಕೊರಡು. ಗೋಡೆಯ ಗೂಟಗಳಲ್ಲಿ ಅಪ್ಪನ ಕತ್ತಿಗಳು ತೂಗುತ್ತಿದ್ದವು. ಮೂಳೆ ಕಡಿಯಲು ದಪ್ಪ ಬೆನ್ನಿನ ಮಚ್ಚು, ಮಾಂಸ ಬಿಡಿಸಲು ತೆಳ್ಳಗಿನ ಉದ್ದ ಕತ್ತಿ, ಚರ್ಮ ಸುಲಿಯಲು ಬಾಗಿದ ಗಿಡ್ಡ ಕತ್ತಿ. ಅಪ್ಪ ಬೇಸಾಯಗಾರ. ಆದರೆ ದೀಪಾವಳಿಯ ಮರುದಿನ ಬರುವ ವರ್ಷತೊಡಕಿಗೆ, ಹಿರಿಯರ ಹಬ್ಬಕ್ಕೆ, ಮದುವೆಯಾದ ಮೇಲಿನ ಬೀಗರೂಟಕ್ಕೆ ಕೇರಿಯವರು ಕೂಡಿ ಕುರಿ ತಂದರೆ ಕಡಿದು ಪಾಲು ಮಾಡುವವನು ಅವನೇ. ಅವನು ಎಡಗೈಯವನು. ಅವನ ಕತ್ತಿಗಳನ್ನು ಅವನೇ ಮಸೆಯುತ್ತಿದ್ದ, ಅದೂ ಒಂದು ಮಗ್ಗುಲು ಮಾತ್ರ. ಇನ್ನೊಂದು ಮಗ್ಗುಲು ಕನ್ನಡಿಯಂತೆ ಚಪ್ಪಟೆ. ಎಡಗೈಯಲ್ಲಿ ಹಿಡಿದರೆ ಆ ಕತ್ತಿ ಮೂಳೆಯನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಬಲಗೈಯಲ್ಲಿ ಹಿಡಿದರೆ ನೇರ ಇಳಿಯದೆ ಓರೆಯಾಗಿ ಜಾರುತ್ತಿತ್ತು.

ನನಗಿಂತ ಎರಡು ವರ್ಷ ಚಿಕ್ಕವಳಾದ ಲಲಿತ ಹುಟ್ಟಾ ಎಡಗೈಯವಳು. ಅವಳ ಕೈ ತಿದ್ದಲು ಅಜ್ಜಿ ಹೊರಟಾಗ ಅಪ್ಪ ಒಂದೇ ಮಾತಿನಲ್ಲಿ ತಡೆದಿದ್ದನಂತೆ. ಗಂಡುಮಕ್ಕಳಿಲ್ಲದ ಮನೆ. ಕುರಿಯ ಕುತ್ತಿಗೆ ಕೊಯ್ಯುವ ಕೆಲಸವನ್ನು ಅಪ್ಪ ಗದ್ದೆಯ ಬದುವಿನಾಚೆ ಮುಗಿಸಿಕೊಂಡು ಬರುತ್ತಿದ್ದ. ಅದನ್ನು ನಾವು ನೋಡುವಂತಿರಲಿಲ್ಲ. ಆಮೇಲಿನ ಕೆಲಸಕ್ಕೆ ಕೊರಡಿನ ಇನ್ನೊಂದು ಕಡೆ ಯಾರಾದರೂ ಕೂರಬೇಕು: ಕಾಲು ಎಳೆದು ಹಿಡಿಯಲು, ಕತ್ತಿ ಬದಲಿಸಿ ಕೊಡಲು, ನರ ಬಿಡಿಸಲು. ದೊಡ್ಡವಳಾದ ನನ್ನನ್ನೇ ಮೊದಲು ಕೂರಿಸಿದ್ದು. ಎರಡನೆಯ ಸಲಕ್ಕೇ ಉದ್ದ ಕತ್ತಿ ಜಾರಿ ನನ್ನ ಹೆಬ್ಬೆರಳ ಉಗುರನ್ನು ಕೆರೆಯಿತು. ರಕ್ತವೂ ಸರಿಯಾಗಿ ಬರಲಿಲ್ಲ. ಅಪ್ಪ ಬೈಯಲಿಲ್ಲ. ಕತ್ತಿ ಇಸಿದುಕೊಂಡು ಲಲಿತಳ ಕೈಗೆ ಕೊಟ್ಟು ನೋಡಿದ, ಅಷ್ಟೆ. ಅವಳು ತೊಡೆಯ ಮೂಳೆಯ ಸುತ್ತ ಕತ್ತಿ ಆಡಿಸಿದ ರೀತಿ ನೋಡಿ ಅವನ ಮುಖದಲ್ಲಿ ಬಂದ ನಗು ಎಂಥದ್ದೆಂದರೆ, ಶಾಲೆಯಲ್ಲಿ ನಾನು ಎಷ್ಟು ನಂಬರು ತೆಗೆದು ತಂದರೂ ಅದು ನನಗೆ ಸಿಗಲಿಲ್ಲ. ಆ ದಿನದಿಂದ ಆ ಜಾಗ ಅವಳದಾಯಿತು. ನಾನು ಕದ್ದು ಎಡಗೈ ರೂಢಿ ಮಾಡಿಕೊಳ್ಳಲು ಹೊರಟೆ. ಎಡಗೈಯಲ್ಲಿ ಬರೆದೆ, ತಲೆ ಬಾಚಿದೆ, ಒಂದು ದಿನ ಊಟಕ್ಕೂ ಕೂತೆ. ಅಮ್ಮ ಕಡುಬು ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಎಂತ ಆತೆ ನಿನ್ ಬಲಗೈಗೆ?"

"ಎಂತೂ ಆಗಿಲ್ಲ."

"ಮತ್ತೆ? ಎಡಚಿ ಒಬ್ಳು ಸಾಲ್ದಾ ಈ ಮನೆಗೆ?"

ಅಜ್ಜಿ ತನ್ನ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು.

"ಬಿಡು ಅತ್ಲಾಗೆ. ನಾಳೆ ಆ ಸಣ್ಣದಕ್ಕೆ ಹಲ್ಲು ನೋವು ಬಂದ್ರೆ ಇದಕ್ಕೂ ಬರ್ಬೇಕು."

ಎಲ್ಲರೂ ನಕ್ಕರು. ಲಲಿತಳೂ ನಕ್ಕಳು. ನನಗೆ ಕೊಟ್ಟಿದ್ದ ಕೆಲಸ ಬೇರೆ. ಮಾಂಸ ಕಡಿದಾದ ಮೇಲೆ ಬಾಳೆಲೆಗಳ ಮೇಲೆ ಸಮನಾಗಿ ಪಾಲು ಹಾಕುತ್ತಾರಲ್ಲ, ಆಗ ಯಾವ ಪಾಲು ಯಾರಿಗೆ ಎಂದು ಜಗಳವಾಗದಿರಲು ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಅಪ್ಪ ಒಂದೊಂದೇ ಪಾಲನ್ನು ಮುಟ್ಟಿ "ಇದು ಯಾರಿಗೆ?" ಎನ್ನುತ್ತಾನೆ. ತಿರುಗಿ ನಿಂತವರು ನೋಡದೆ ಒಂದು ಮನೆಯ ಹೆಸರು ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು, ಯಾರೂ ತಕರಾರು ತೆಗೆಯುವಂತಿಲ್ಲ. ಹಾಗೆ ತಿರುಗಿ ನಿಲ್ಲುವವಳು ನಾನು. "ಗಿರ್ಜಾ, ನಮ್ಮನೆಗೆ ಈಲಿ ಜಾಸ್ತಿ ಇರೋ ಪಾಲು ಹೇಳೆ ಮಾರಾಯ್ತಿ" ಎಂದು ಲಿವರಿನ ಆಸೆಗೆ ಪಕ್ಕದ ಮನೆಯವರು ರೇಗಿಸುತ್ತಿದ್ದರು. ನಿನ್ನ ಬಾಯಿಯ ಮೇಲೆ ಇಡೀ ಕೇರಿಗೆ ನಂಬಿಕೆ ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು. ಏನೂ ಕಾಣದಿರುವುದೇ ಆ ಕೆಲಸಕ್ಕೆ ಬೇಕಾದ ಯೋಗ್ಯತೆ ಎಂದು ನನಗೆ ಗೊತ್ತಿತ್ತು. ಗೋಡೆಯ ಸುಣ್ಣವನ್ನು ನೋಡುತ್ತ ನಿಂತು, ಬೆನ್ನ ಹಿಂದೆ ಅಪ್ಪ ಲಲಿತಳಿಗೆ ಮೆಲ್ಲಗೆ "ಅದು ಹಂಗಲ್ಲ, ಮಣಿಕಟ್ಟು ಸಡ್ಲ ಬಿಡು" ಎನ್ನುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಅಷ್ಟು ಮೆತ್ತಗಿನ ದನಿಯಲ್ಲಿ ಅಪ್ಪ ಅಮ್ಮನೊಡನೆಯೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಹೈಸ್ಕೂಲು ಸೇರಿದ ವರ್ಷ ಅಪ್ಪನ ಎಡಭುಜಕ್ಕೆ ನೋವು ಬಂತು. ಕಡಿಯುವುದಕ್ಕೆ ತೊಂದರೆಯಿರಲಿಲ್ಲ. ಆದರೆ ಬೀಗರೂಟಗಳಲ್ಲಿ ಕೀಮಾ ಉಂಡೆ ಬೇಕೆಂದು ಜನ ಕೇಳಲು ಶುರುಮಾಡಿದ್ದರು. ಕೀಮಾ ಎಂದರೆ ಕೊರಡಿನ ಮೇಲೆ ಎರಡು ಕತ್ತಿಯಲ್ಲಿ ಗಂಟೆಗಟ್ಟಲೆ ಕೊಚ್ಚಬೇಕು. ಸಾಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಒಂದು ಮಿಷನ್ ತಗೊಳ್ಳಿ ಭಾವ ಎಂದು ಬಹಳ ದಿನದಿಂದ ಹೇಳುತ್ತಿದ್ದ. ದೀಪಾವಳಿಗೆ ಮುಂಚೆ ಒಂದು ದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಸಾಗರದ ಬಸ್ಸು ಹತ್ತಿದ. ಮಾವ ನಮ್ಮನ್ನು ಕರೆದೊಯ್ದದ್ದು ಹೋಟೆಲಿನವರಿಗೆ ಪಾತ್ರೆ ಪಡಗ ಮಾರುವ ದೊಡ್ಡ ಅಂಗಡಿಗೆ. ಮೇಜಿನ ತುಂಬ ಕತ್ತಿಗಳನ್ನು ಹರವಿದ್ದರು. ಪ್ಲಾಸ್ಟಿಕ್ ಹಿಡಿಯ, ಎರಡೂ ಮಗ್ಗುಲು ಮಸೆದ ಸ್ಟೀಲ್ ಕತ್ತಿಗಳು. ಒಂದನ್ನು ಎತ್ತಿಕೊಂಡೆ. ಬಲಗೈಯಲ್ಲಿ ಅದು ನನ್ನ ಬೆರಳೇ ಉದ್ದವಾದಂತೆ ಕೂತಿತು. ನನಗೆ ಹೇಗೆ ಹಿಡಿಯಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ಪಾ, ಇದು ತಗೊಳ್ಳನ."

ಅಪ್ಪ ಅದರ ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡ ಆಡಿಸಿ ವಾಪಸು ಇಟ್ಟ.

"ಇದು ಸೊಪ್ಪು ಹೆಚ್ಚೋಕಾತು. ಮೂಳೆಗೆ ಒಂದು ದಿನ ಬರಲ್ಲ."

ಲಲಿತ ಕತ್ತಿಗಳ ಕಡೆ ನೋಡಲೂ ಇಲ್ಲ. ಅವಳಿಗೆ ಮನೆಯಲ್ಲಿ ಇದ್ದವಲ್ಲ. ಕೀಮಾ ಮಿಷನ್‌ಗಳು ಒಳಗಿನ ಅಟ್ಟಣೆಯಲ್ಲಿದ್ದವು. ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸುವಂಥವು, ಎರಕದ ಕಬ್ಬಿಣದವು. ಮೇಲೆ ಮಾಂಸ ಹಾಕುವ ಬಾಯಿ, ಒಳಗೆ ಸುರುಳಿ, ಮುಂದೆ ತೂತುಗಳ ಜರಡಿ, ಪಕ್ಕದಲ್ಲಿ ತಿರುಗಿಸುವ ಹಿಡಿ. ಸಣ್ಣದು, ದೊಡ್ಡದು ಎರಡನ್ನೂ ಅಂಗಡಿಯವನು ಎದುರಿಗಿಟ್ಟ. ಸಣ್ಣದರ ಬಾಯಿ ಲೋಟದಷ್ಟು ಕಿರಿದು. ದೊಡ್ಡದು ತಂಬಿಗೆಯಷ್ಟು ಅಗಲ. ಸಣ್ಣದರಲ್ಲಿ ಒಂದು ಕುರಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ ಎಂದು ಮಾವ ನಕ್ಕ. ಅಪ್ಪ ದೊಡ್ಡದರ ಬಾಯಿಗೆ ತನ್ನ ಮುಷ್ಟಿಯನ್ನು ಇಟ್ಟು ನೋಡಿದ. ಹೋಗಲಿಲ್ಲ. ಅಂಗೈ ಮಡಚಿ ತುರುಕಿ ನೋಡಿದ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ನಿಂತಿತು.

"ಕೈ ಹೋಗಲ್ಲ. ಅಡ್ಡಿಲ್ಲ, ಇದೇ ಇರ್ಲಿ" ಎಂದ.

ಗುದ್ದಲಿ ಹಿಡಿದು ದಪ್ಪಗಾದ ಅವನ ಕೈ ಅದು. ಅಳತೆಗೆ ಬೇಕಾದ ಎರಡು ಕೈಗಳು ಅವನ ಎಡಕ್ಕೂ ಬಲಕ್ಕೂ ನಿಂತಿದ್ದವು. ಅವನಿಗಾಗಲಿ, ಮಾವನಿಗಾಗಲಿ, ಅಂಗಡಿಯವನಿಗಾಗಲಿ ಅದು ಹೊಳೆಯಲಿಲ್ಲ. ನನಗೆ ಮಾತ್ರ ಆಗ ಬೇರೆಯೇ ಖುಷಿ. ಹಿಡಿ ಬಲಗಡೆಗಿತ್ತು. ಬಲಗೈಯಲ್ಲಿ ತಿರುಗಿಸಬೇಕು, ಎಡಗೈಯಲ್ಲಿ ತುಂಬಬೇಕು ಎಂದು ಅಂಗಡಿಯವನು ತೋರಿಸಿದ. ತಿರುಗಿಸುವವಳು ನಾನೇ ಎಂದು ಅಲ್ಲೇ ತೀರ್ಮಾನವಾಯಿತು. ಬಸ್ಸಿನಲ್ಲಿ ಆ ಭಾರದ ಕಬ್ಬಿಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮಾಂಸವನ್ನು ಒತ್ತಲು ಕೊಟ್ಟಿದ್ದ ಮರದ ಕೋಲನ್ನು ಮಾತ್ರ ಲಲಿತಳಿಗೆ ಹಿಡಿದುಕೊಳ್ಳಲು ಕೊಟ್ಟೆ. ಇನ್ನು ಮುಂದೆ ನಾನಿಲ್ಲದೆ ಈ ಮನೆಯಲ್ಲಿ ಕೀಮಾ ಆಗುವುದಿಲ್ಲ ಎಂದು ಯೋಚಿಸಿದಾಗ ಕಿಟಕಿಯಾಚೆಯ ಗದ್ದೆಗಳೂ ಚೆಂದ ಕಂಡವು.

ಹಬ್ಬದ ಹಿಂದಿನ ದಿನ ಮಾವ ಒಂದು ಹಳೆಯ ಮೋಟಾರ್ ಹೊತ್ತು ಬಂದ.

"ಈ ಕಾಲದಲ್ಲಿ ಕೈಲಿ ತಿರುಗ್ಸೋದಾ ಭಾವ? ಮಕ್ಳ ರಟ್ಟೆ ಬಿದ್ದು ಹೋಗ್ತದೆ."

ಹಿಡಿಯನ್ನು ಬಿಚ್ಚಿ ಅದರ ಜಾಗಕ್ಕೆ ಗಾಲಿ ಕೂರಿಸಿ ಬೆಲ್ಟು ಹಾಕಿದ. ಅಡುಗೆಮನೆಯ ಪ್ಲಗ್ಗಿನಿಂದ ವೈರು ಎಳೆದ. ಬಿಚ್ಚಿದ ಹಿಡಿ ಕೊರಡಿನ ಪಕ್ಕ ಬಿದ್ದಿತ್ತು. ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡಬಹುದು ಎಂದು ಆ ದಿನ ಗೊತ್ತಾಯಿತು. ನನ್ನ ರಟ್ಟೆ ಮಾಡಬೇಕಾದದ್ದನ್ನು ಅದು ಗುಂಯ್‌ಗುಟ್ಟುತ್ತ ಸುಮ್ಮನೆ ಮಾಡುತ್ತಿತ್ತು. ತುಂಬುವ ಕೆಲಸ ಮಾತ್ರ ಹಾಗೆಯೇ ಉಳಿಯಿತು, ಅದು ಎಡಗೈಯವಳದು. ನನಗೆ ಸಿಕ್ಕಿದ್ದು ಜರಡಿಯ ಕೆಳಗೆ ತಟ್ಟೆ ಹಿಡಿಯುವುದು.

ಲಲಿತಳ ಎಡ ಮಣಿಕಟ್ಟಿನಲ್ಲಿ ಆಗ ಒಂದು ಕರಿದಾರವಿತ್ತು. ಹಬ್ಬಕ್ಕೆ ಕೆಲವು ದಿನ ಮುಂಚೆ ಅವಳು ಜ್ವರ ಬಂದು ವಾರವಿಡೀ ಹಾಸಿಗೆಯಿಂದ ಎದ್ದಿರಲಿಲ್ಲ. ಅಜ್ಜಿ ಚೌಡಿಗೆ ಕೋಳಿ ಹರಕೆ ಹೊತ್ತು, ಮೂರು ಎಳೆ ಹುರಿಮಾಡಿ ಅರಿಸಿನ ಎಣ್ಣೆ ಹಚ್ಚಿ ಕಟ್ಟಿದ ದಾರ. ಹರಕೆ ತೀರುವವರೆಗೆ ಅದಕ್ಕೆ ಕಬ್ಬಿಣ ತಾಗಿಸಬಾರದು. ಹಾಗಾಗಿ ಗಂಟಿನಾಚೆಗೆ ಉಳಿದ ತುದಿಗಳನ್ನು ಕತ್ತರಿಸದೆ ಬಿಟ್ಟಿದ್ದರು. ಗೇಣುದ್ದ ಇಳಿಬಿದ್ದಿದ್ದವು. ಜ್ವರದ ದಿನಗಳಲ್ಲಿ ಇಡೀ ಮನೆ ಅವಳ ಹಾಸಿಗೆಯ ಸುತ್ತ ತಿರುಗಿತ್ತು. ಆ ದಾರದ ಮೇಲೂ ನನಗೆ ಆಸೆಯಿತ್ತು.

ವರ್ಷತೊಡಕಿನ ಬೆಳಿಗ್ಗೆ. ಕುರಿಯ ತೊಡೆಯ ಮಾಂಸ ತುಂಡಾಗಿ ಬುಟ್ಟಿಯಲ್ಲಿತ್ತು. ಅಪ್ಪ ಕೊರಡಿನ ಹತ್ತಿರ ಕೂತು ಪಕ್ಕೆಲುಬು ಬಿಡಿಸುತ್ತಿದ್ದ. ಅಮ್ಮ ಒಳಗೆ ಮಸಾಲೆ ಹುರಿಯುತ್ತಿದ್ದಳು. ಒತ್ತುವ ಕೋಲನ್ನು ಯಾರೋ ರಾತ್ರಿ ನೀರಿನ ಬಕೆಟ್ಟಿನಲ್ಲಿ ನೆನೆಹಾಕಿಬಿಟ್ಟಿದ್ದರು. ಮೆದು ಮರ ಉಬ್ಬಿ, ಬಾಯಿಗೆ ಇಟ್ಟರೆ ಒಳಗೆ ಇಳಿಯುತ್ತಿರಲಿಲ್ಲ. ಲಲಿತ ಅದನ್ನು ಪಕ್ಕಕ್ಕಿಟ್ಟು ಬೆರಳಲ್ಲೇ ಒತ್ತತೊಡಗಿದಳು. ಅಪ್ಪನಿಗೆ ಸಿಕ್ಕಿಕೊಂಡ ಗೆಣ್ಣಿನ ಜಾಗ ದಾಟಿ ಅವಳ ತೆಳ್ಳಗಿನ ಕೈ ಸಲೀಸಾಗಿ ಒಳಗೆ ಹೋಗಿ ಬರುತ್ತಿತ್ತು. ನಾನು ತಟ್ಟೆ ಹಿಡಿದು ಜರಡಿಯನ್ನು ನೋಡುತ್ತಿದ್ದೆ. ಕೆಂಪು ಎಳೆಗಳು ಶಾವಿಗೆಯಂತೆ ಇಳಿಯುತ್ತಿದ್ದವು. ಅವಳು "ಅಕ್ಕಾ" ಎಂದಳು. ಕೂಗಲಿಲ್ಲ, ನೀರು ಕೇಳುವಾಗ ಕರೆಯುವಂತೆ ಕರೆದಳು. ತಲೆ ಎತ್ತಿದರೆ ಅವಳ ಕೈ ಮಣಿಕಟ್ಟಿನವರೆಗೆ ಒಳಗಿದೆ, ಮೈ ಆ ಕಡೆಗೆ ವಾಲುತ್ತಿದೆ. ದಾರದ ತುದಿ ಸುರುಳಿಗೆ ಸಿಕ್ಕಿತ್ತು. ಒಂದೊಂದು ಸುತ್ತಿಗೂ ಅದು ಅವಳನ್ನು ಎಳೆದುಕೊಳ್ಳುತ್ತಿತ್ತು.

ನಾನು ಕಿರುಚಿದೆ. ಅಮ್ಮ ಒಳಗಿನ ಸ್ವಿಚ್ಚಿನ ಕಡೆ ಓಡಿದ ಸದ್ದು, ಏನೋ ಪಾತ್ರೆ ಉರುಳಿದ ಸದ್ದು ಕೇಳಿತು. ದಿನಕ್ಕೆ ಎಷ್ಟೋ ಸಲ ಹೋಗುವ ನಮ್ಮೂರಿನ ಕರೆಂಟು ಆಗ ಹೋಗಲಿಲ್ಲ. ನನ್ನ ಕಣ್ಣು ಮತ್ತೆ ಜರಡಿಗೆ ಹೋಯಿತು. ಇಳಿಯುತ್ತಿರುವುದು ಕುರಿಯದೇ ಅಲ್ಲವೇ ಎಂದು ನೋಡುತ್ತಿದ್ದೆ. ಇವತ್ತಿಗೂ ನನಗೆ ಮತ್ತೆ ಮತ್ತೆ ಕಾಣುವುದು ಅದೇ, ಆ ತೂತುಗಳು. ಅಪ್ಪ ಎದ್ದದ್ದು ಕಾಣಲಿಲ್ಲ. ಅವನ ಎಡಗೈಯಲ್ಲಿ ಉದ್ದ ಕತ್ತಿಯಿತ್ತು, ಬಲಗೈ ಲಲಿತಳ ಮೊಣಕೈಯನ್ನು ಹಿಡಿದಿತ್ತು, ಕತ್ತಿ ನೇರ ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಮೈ ಉಳಿಸಲು ಅವಳ ಕೈ ತೆಗೆಯುತ್ತಿದ್ದಾನೆ ಎಂದೇ ನಾನು ತಿಳಿದೆ. ಲಲಿತ ಆ ಕತ್ತಿಯನ್ನು ನೋಡಿದಳು. ಅಪ್ಪನ ಮುಖ ನೋಡಿದಳು. ಆಮೇಲೆ ಕೈಯನ್ನು ಎಳೆಯುವುದನ್ನು ನಿಲ್ಲಿಸಿ ಸುಮ್ಮನೆ ನಿಂತಳು. ಚಪ್ಪಟೆ ಮಗ್ಗುಲು ಅವಳ ಚರ್ಮಕ್ಕೆ ತಾಗಿಕೊಂಡೇ ಜಾರಿ ದಾರವನ್ನು ಕಡಿಯಿತು. ಅಪ್ಪ ಅವಳನ್ನು ಹಿಂದಕ್ಕೆ ಎಳೆದ. ಆಮೇಲೆ ಮೋಟಾರ್ ನಿಂತಿತು.

ಅವಳ ಎರಡು ಬೆರಳಿನ ತುದಿ ಜಜ್ಜಿಹೋಗಿತ್ತು. ಒಂದು ಉಗುರು ಇರಲಿಲ್ಲ. ಕೈ ಉಳಿದಿತ್ತು. ಅಜ್ಜಿ ಬಾಗಿಲಿನಲ್ಲಿ ನಿಂತು, ನೆಲದ ಮೇಲೆ ಬಿದ್ದಿದ್ದ ದಾರದ ತುಂಡನ್ನು ನೋಡುತ್ತಿದ್ದಳು.

"ಹರಕೆ ದಾರಕ್ಕೆ ಕಬ್ಬಿಣ ತಾಗ್ಸಿದ್ಯಲ್ಲೋ ಹೂವಪ್ಪ."

"ಸುಮ್ನಿರು ಅಬ್ಬೆ" ಎಂದ ಅಪ್ಪ. ಅಂಗಿ ಬಿಚ್ಚಿ ಅವಳ ಕೈಗೆ ಸುತ್ತುತ್ತಿದ್ದ. ಜೀಪಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ನಾನು ತಟ್ಟೆ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ. ಅದನ್ನು ನನ್ನ ಕೈಯಿಂದ ಯಾರು ತೆಗೆದುಕೊಂಡರೋ ನೆನಪಿಲ್ಲ.

ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾದರೂ ಸಾಕು, ಪಾಠದ ಟಿಪ್ಪಣಿ ಬರೆಯುವ ಕೈ ನಿಲ್ಲುತ್ತದೆ. ಲಲಿತ ಕವಲೇದುರ್ಗದ ಕೆಳಗಿನ ಹಳ್ಳಿಗೆ ಮದುವೆಯಾಗಿ ಹೋಗಿ, ಕೋಟೆ ನೋಡಲು ಬರುವವರಿಗೆ ಮನೆಯಲ್ಲಿಯೇ ಊಟ ವಸತಿ ನಡೆಸುತ್ತಾಳೆ. ಮಾಂಸವೆಲ್ಲ ಅವಳೇ ಕಡಿಯುತ್ತಾಳೆ. ಮೊನ್ನೆ ವಾಟ್ಸಾಪಿನಲ್ಲಿ ಎರಡು ಕರೆಂಟು ಕೀಮಾ ಮಿಷನ್‌ಗಳ ಫೋಟೊ ಕಳಿಸಿ, ಯಾವುದು ತಗೊಳ್ಳಲಿ ಎಂದು ಕೇಳಿದ್ದಳು. ನಾನು ಕೂಡಲೇ ಫೋನು ಮಾಡಿದೆ.

"ಬಾಯಿ ಎಷ್ಟಗಲ ಇದೆ ನೋಡಿದ್ಯಾ? ಸ್ವಿಚ್ಚು ಮಿಷನ್ನಲ್ಲೇ ಇದ್ಯಾ?"

"ಇದೆ ಕಣೆ. ಒತ್ತೋಕೆ ಪ್ಲಾಸ್ಟಿಕ್ ಕೋಲೂ ಕೊಡ್ತಾರೆ."

"ಕೈ ಹಾಕಿ ನೋಡು ಮೊದ್ಲು. ನಿನ್ನ ಗಂಡಂದಲ್ಲ, ನಿನ್ನ ಮಗಳದು."

"ಎಂತ ಅಕ್ಕ ನೀನು, ಇನ್ನೂ ಅದನ್ನೇ ಇಟ್ಕಂಡಿದ್ದಿ. ನಂಗೆ ಸರಿಯಾಗಿ ನೆನಪೂ ಇಲ್ಲ. ಅಪ್ಪ ಹಿಡ್ಕಂಡಿದ್ದು ಒಂದು ಗೊತ್ತು."

ಅವಳಿಗೆ ನೆನಪಿಲ್ಲ. ಬೆರಳು ಕೊಟ್ಟವಳು ಅವಳು, ತೂತುಗಳನ್ನು ನೋಡುತ್ತ ಉಳಿದವಳು ನಾನು. ಆ ಗಾಯದ ಗುರುತನ್ನು ಅವಳು ಬಂದವರಿಗೆಲ್ಲ ತೋರಿಸಿ ನಗುತ್ತಾಳೆ. ಅಪ್ಪ ಹಿಡಿದುಕೊಂಡದ್ದು ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಲು ಅವಳಿಗೆ ಸಾಧ್ಯವಾಗಿದೆ. ಈ ವಯಸ್ಸಿನಲ್ಲಿಯೂ ನನಗೆ ಅವಳನ್ನು ಕಂಡರೆ ಅಸೂಯೆಯಾಗುವುದು ಅದಕ್ಕೇ. ಕತ್ತಿ ಇಳಿಯುವಾಗ ಸುಮ್ಮನೆ ನಿಂತಳಲ್ಲ, ಹಾಗೆ ನಿಲ್ಲಲು ಏನು ಬೇಕೋ ಅದನ್ನು ಅವಳಿಗೆ ಯಾರೋ ಕೊಟ್ಟಿದ್ದರು. ನಾನಾಗಿದ್ದರೆ ಎಳೆಯುತ್ತಿದ್ದೆ.

ಆ ವರ್ಷ ಬೆರಳಿನ ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ಕೋಳಿ ಕೊಯ್ದ ದಿನ ಲಲಿತ ಯಾರೂ ಕರೆಯದೆ ಹೋಗಿ ಕೊರಡಿನ ಎದುರು ಕೂತಳು. ಮೋಟಾರ್, ಮಿಷನ್ ಎರಡೂ ಆ ಹೊತ್ತಿಗೆ ಅಟ್ಟ ಸೇರಿದ್ದವು. ಅವಳು ಕೋಳಿಯ ಕಾಲನ್ನು ಎಳೆದು ಹಿಡಿದಳು. ಅಪ್ಪ ಮಚ್ಚು ಎತ್ತಿದ. ಅದು ಗಾಳಿಯಲ್ಲಿಯೇ ನಿಂತಿತು. ಮೊದಲು ಮಚ್ಚಿನ ತುದಿ, ಆಮೇಲೆ ಮೊಣಕೈ, ಆಮೇಲೆ ಅವನ ಗದ್ದ ನಡುಗತೊಡಗಿದವು. ಕೆಳಗಿಳಿಸಿ, ಒರೆಸಿಕೊಂಡು, ಮತ್ತೆ ಎತ್ತಿದ. ಆಗಲಿಲ್ಲ.

"ನೀ ಒಳಗೆ ಹೋಗು ಮಗಾ."

"ಯಾಕಪ್ಪ? ನನ್ ಕೈ ನೋಯಲ್ಲ ಈಗ."

"ಹೋಗು ಅಂದ್ನಲ್ಲ. ಇನ್ಮೇಲೆ ಬರ್ಬೇಡ ಇಲ್ಲಿಗೆ."

ಅವಳು ಅಳುತ್ತ ಹೋದಳು. ಕೆಲವು ದಿನಗಳಾದ ಮೇಲೆ ಅಪ್ಪ ಹೊಸನಗರದ ಕುಲುಮೆಗೆ ಹೋಗಿ ಒಂದು ಹೊಸ ಕತ್ತಿ ಮಾಡಿಸಿಕೊಂಡು ಬಂದ. ಜಗಲಿಯಲ್ಲಿ ಕೂತು ಅದನ್ನು ಮಸೆಯುವುದನ್ನು ನೋಡಿದೆ. ಬಲ ಮಗ್ಗುಲನ್ನು ಮಸೆಯುತ್ತಿದ್ದ. ಎಡ ಮಗ್ಗುಲನ್ನು ಚಪ್ಪಟೆ ಬಿಟ್ಟಿದ್ದ. ಅದು ಯಾರಿಗೆಂದು ಕೇಳುವ ಧೈರ್ಯವಾಗದೆ ಪುಸ್ತಕ ಹಿಡಿದು ಕೂತೇ ಇದ್ದೆ. ಮುಂದಿನ ಹಬ್ಬದ ಬೆಳಿಗ್ಗೆ ಹಿಂದಿನ ಮಾಡಿನಿಂದ ದನಿ ಬಂತು.

"ಗಿರ್ಜಾ, ಬಾ ಇಲ್ಲಿ."

ಓಡಿದೆ. ಲಲಿತ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣುಗಳಲ್ಲಿ ಈಗ ಇದ್ದದ್ದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನೋಡಿ ಖುಷಿಪಟ್ಟೆ. ಕೊರಡಿನ ಎದುರು, ಅವಳು ಕೂರುತ್ತಿದ್ದ ಕಡೆ ಕೂತೆ. ಹೊಸ ಕತ್ತಿ ನನ್ನ ಬಲಗೈಯಲ್ಲಿ ಹೇಳಿದಂತೆ ಕೇಳಿತು. ಅಜ್ಜಿ ಒಳಗಿನಿಂದಲೇ ಗೊಣಗಿದಳು.

"ಒಂದಕ್ಕೆ ಆಗಿದ್ದು ಸಾಲ್ದಾ? ಇದಕ್ಕೂ ಎಂತಾರು ಆದ್ರೆ?"

"ಇವ್ಳಿಗೆ ಎಂತ ಆಗಲ್ಲ ಬಿಡು" ಎಂದ ಅಪ್ಪ.

ನನ್ನ ಕೈಯನ್ನು ಮೆಚ್ಚಿ ಹೇಳಿದ ಮಾತು ಅದು ಎಂದು ಲಲಿತ ಇವತ್ತಿಗೂ ವಾದಿಸುತ್ತಾಳೆ. ಕೇಳಿ ತಿಳಿಯಲು ಅಪ್ಪ ಈಗಿಲ್ಲ. ನಾನು ಕತ್ತಿ ಕೆಳಗಿಟ್ಟು ಕುರಿಯ ಮುಂಗಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದೆ. ಕಡಿಯಬೇಕಾದ ಕೀಲು ನನ್ನ ಬೆರಳುಗಳ ಪಕ್ಕದಲ್ಲಿಯೇ ಇತ್ತು. ಅಪ್ಪ ಮಚ್ಚು ಎತ್ತಿದ. ನಾನು ಮಚ್ಚನ್ನು ನೋಡಲಿಲ್ಲ. ಅದನ್ನು ಹಿಡಿದ ಕೈಯನ್ನೇ ನೋಡುತ್ತಿದ್ದೆ, ಅದರ ಮಣಿಕಟ್ಟನ್ನು, ಮೊಣಕೈಯನ್ನು, ಆಮೇಲೆ ಅವನ ಗದ್ದವನ್ನು. ಮಚ್ಚು ಇಳಿಯಿತು. ಮತ್ತೆ ಎತ್ತಿದ, ಮತ್ತೆ ಇಳಿಯಿತು. ಅಪ್ಪನ ಕೈ ಒಂದಿಷ್ಟೂ ನಡುಗಲಿಲ್ಲ.